ಮೆತ್ತನೆಯ ಎಲುಬು

"ಹಲೋ... ಹಲೋ... ಯಾರ್ರಿ ಮಾತಾಡೋರು? ಜೇವರ್ಗಿ ಏನ್ರಿ? ಗೊಬ್ಬರದ ಅಂಗಡಿ ಹೌದಲ್ರಿ?... ಹಾಂ, ಮಲ್ಕಪ್ಪ. ನಾ ಮಾತಾಡಾಕತ್ತೇನಿ, ಶಿವಕಾಂತಾ."

…

"ಶಿವಕಾಂತಾ ಅಂದೆ, ಶಿವಶಂಕರ ಅಲ್ಲ. ಶಿವ-ಕಾಂತಾ. ನಿಮ್ಮ ಮಾಲಕರ ಹೆಂಡತಿ."

…

"ಚ್ಯಾಷ್ಟಿ ಯಾಕ ಮಾಡ್ಲಿ ಮಲ್ಕಪ್ಪ? ದನಿ ಹೋಗ್ಯಾದ, ಅದಕ ಗಂಡಸರ ಹಂಗ ಕೇಳಸ್ತದ. ನಾನ ಅದೀನಿ. ಲೈನ್ ಕಟ್ ಮಾಡಬ್ಯಾಡ. ಮಾಡಿದಿ ಅಂದ್ರ ಮತ್ತ ಸಂಜೀ ತನಕ ಸಿಗಂಗಿಲ್ಲ."

ಅಫಜಲಪುರದ ಅಂಚೆ ಕಚೇರಿಯಲ್ಲಿ ಶಿವಕಾಂತಾ ಬೆಳಿಗ್ಗೆ ಹತ್ತಕ್ಕೆ ಬುಕ್ ಮಾಡಿಸಿದ ಟ್ರಂಕ್ ಕಾಲ್ ಸಿಕ್ಕಾಗ ಮಧ್ಯಾಹ್ನ ಎರಡೂಮುಕ್ಕಾಲು. ಅಷ್ಟು ಹೊತ್ತೂ ಅವಳು ಗೋಡೆಗೊರಗಿ ನಿಂತೇ ಇದ್ದಳು. ಬೆಂಚಿನ ಮೇಲೆ ಕುಳಿತರೆ ಬೆನ್ನು ಹಾಗೇ ಕಟ್ಟಿಕೊಂಡು, ಏಳಬೇಕೆಂದರೆ ಇನ್ನೊಬ್ಬರ ಕೈ ಬೇಕಾಗುತ್ತಿತ್ತು. ಅದು 1988ರ ಫೆಬ್ರವರಿ, ಶನಿವಾರ. ಮೂರೂವರೆಗೆ ಹೊರಡುವ ಸೊಲ್ಲಾಪುರದ ಬಸ್ಸಿನಲ್ಲಿ ಜಾಗ ಹಿಡಿಯಲು ಅಣ್ಣ ನಾಗಣ್ಣ ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ಪೋಸ್ಟ್‌ಮಾಸ್ಟರ್ ದತ್ತಪ್ಪ ಅವಳ ಕಿವಿಯನ್ನೂ ಮೂಗನ್ನೂ ಒಮ್ಮೆ ನೋಡಿ, ರಿಸೀವರಿಗೆ ಹಳೆಯ ಕರವಸ್ತ್ರ ಸುತ್ತಿ ಕೈಗೆ ಕೊಟ್ಟಿದ್ದ. ಅವಳು ಏನೂ ಅಂದಿರಲಿಲ್ಲ. ಏನಾದರೂ ಅಂದು, ಅವನು ಫೋನೇ ಕೊಡುವುದಿಲ್ಲ ಎಂದುಬಿಟ್ಟರೆ?

"ಮಾಲಕರನ್ನ ಕರಿ... ಯಾಕ? ಒಳಗ ಏನ ಮಾಡಾಕತ್ತಾರ?... ಯಾವ ಬೀಗರು?... ಭೂಸನೂರ ಕಡ್ಯಾಂವರು ನಮಗ ಯಾವಾಗ ಬೀಗರಾದ್ರು ಮಲ್ಕಪ್ಪ?"

…

"ಇರ್ಲಿ ಬಿಡು. ನೀ ಏನ ಹೇಳ್ತಿ. ನಾ ಬರದ ಕಾಗದ ಬಂದಾವೋ ಇಲ್ಲೋ, ಅದನ್ನಾರ ಹೇಳು. ಮೂರು ಬರದೇನಿ... ಮೂರೂ ಬಂದಾವ? ಯಾರ ಕೈಯಾಗ ಕೊಟ್ಟಿ?... ಅವರ ಕೈಯಾಗ. ಹಾಂ. ಆತು. ಕರಿ ಈಗ. ದವಾಖಾನಿ ಮಾತದ ಅಂತ ಹೇಳು. ಜಲ್ದಿ."

ಜೇವರ್ಗಿಯಲ್ಲಿ ಅಂಗಡಿ ಮುಂದೆ, ಮನೆ ಹಿಂದೆ. ನಡುವೆ ಒಂದು ಅಂಗಳ. ಗುಮಾಸ್ತ ಮಲ್ಕಪ್ಪ ಆ ಅಂಗಳ ದಾಟಿ, ಬೀಗರ ಮುಂದೆ ಮಾಲಕರ ಕಿವಿಯಲ್ಲಿ ಹೇಳಿ, ಅವರು ಎದ್ದು ಬರಲು ಎಷ್ಟು ಹೊತ್ತು ಬೇಕೆಂದು ಶಿವಕಾಂತಾಗೆ ಗೊತ್ತಿತ್ತು. ಒಂಬತ್ತು ವರ್ಷ ಬಾಳಿದ ಮನೆ ಅದು. ರಿಸೀವರನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿದಳು. ಎರಡೂ ಉರಿಯುತ್ತಿದ್ದವು, ಸುತ್ತಿದ ಕರವಸ್ತ್ರವೇ ಮರಳುಕಾಗದದ ಹಾಗೆ ತಾಗುತ್ತಿತ್ತು. ಗಡಿಯಾರ ನೋಡಬೇಕೆನಿಸಿತು. ಕತ್ತು ತಿರುಗುವುದಿಲ್ಲವಾದ್ದರಿಂದ, ಫೋನಿನ ವೈರು ಎಳೆಯದಂತೆ ಇಡೀ ಮೈಯನ್ನೇ ತಿರುಗಿಸಿ ನೋಡಿದಳು.

"ಹಲೋ... ಹಾಂ, ನಾನ್ರಿ... ನಾನ. ಗುರಮ್ಮನ ಅವ್ವ... ಇಲ್ರಿ, ನಾಗಣ್ಣ ಅಲ್ಲ. ನಾಗಣ್ಣ ಬಸ್‌ಸ್ಟ್ಯಾಂಡಿನಾಗ ಅದಾನ. ಹೆಂಡತಿ ದನಿ ನಿಮಗ ನಾಗಣ್ಣನ ದನಿ ಆತೇನ್ರಿ?"

…

"ಕೇಳ್ರಿ. ಲೈನ್ ಯಾವಾಗ ಹೋಗ್ತದೋ ಗೊತ್ತಿಲ್ಲ, ಅದಕ ಸೀದಾ ಹೇಳ್ತೇನಿ. ಸೋಮವಾರ ಸೊಲ್ಲಾಪುರದಾಗ ನನ್ನ ಗಂಟಲದ ಆಪರೇಶನ್ ಅದ. ಉಸಿರು ಹೋಗೋ ನಳಗಿ ಒಳಗಿಂದೊಳಗ ಕುಸ್ಯಾಕತ್ತದ. ಕೊಳ್ಳಾಗ ಒಂದು ತೂತ ಮಾಡಿ ಬ್ಯಾರೆ ನಳಗಿ ಇಡ್ತಾರ. ಫಾರ್ಮಿನ ಮ್ಯಾಲ ಗಂಡನ ಸಹಿ ಬೇಕಂತ. ನೀವು ನಾಳಿ ಸಂಜೀಕ ಬರಬೇಕು."

…

"ಏನಂದ್ರಿ?... ಅದಲ್ರಿ. ಅದಲ್ಲ, ಅದಲ್ಲ ಅಂತ ಮೂರು ಕಾಗದದಾಗ ಬರದೇನಿ... ಬಂದಿಲ್ಲ? ಮಲ್ಕಪ್ಪ ಈಗಷ್ಟ ಹೇಳ್ದ, ನಿಮ್ಮ ಕೈಯಾಗ ಕೊಟ್ಟೇನಂತ... ಓದಿಲ್ಲ ಅನ್ರಿ. ಬಂದಿಲ್ಲ ಅನಬ್ಯಾಡ್ರಿ."

ಗಂಡ ಶಾಂತಲಿಂಗಪ್ಪ ಹೆಸರು ಹಿಡಿದು ಹೇಳದ ಆ 'ಅದು' ಕುಷ್ಠ. ಆ ಮನೆಯಲ್ಲಿ ಆ ಶಬ್ದವನ್ನು ಯಾರೂ ಪೂರ್ತಿ ಅನ್ನುತ್ತಿರಲಿಲ್ಲ.

ನಿಜಕ್ಕೂ ಅವಳ ಜಡ್ಡು ಶುರುವಾದದ್ದು ಬೆನ್ನಿನಿಂದ. ಗುರಮ್ಮ ಹುಟ್ಟಿದ ವರ್ಷ, ಮುಂಜಾನೆ ಹಾಸಿಗೆಯಿಂದ ಏಳುವುದು ಕಷ್ಟವಾಗತೊಡಗಿತು. ಸೊಂಟದಿಂದ ಹೆಗಲವರೆಗೆ ಹಲಗೆ ಕಟ್ಟಿದ ಹಾಗೆ. ಮಗ್ಗುಲಿಗೆ ಹೊರಳಿ, ಕೈಯೂರಿ, ಗೋಡೆ ಹಿಡಿದು ಅವಳು ನಿಲ್ಲುವಷ್ಟರಲ್ಲಿ ಅತ್ತೆ ಸುಭದ್ರಾಬಾಯಿ ಅರ್ಧ ರೊಟ್ಟಿ ಬಡಿದು ಮುಗಿಸಿರುತ್ತಿದ್ದಳು. ಓಡಾಡಿದಷ್ಟೂ ನೋವು ಸಡಿಲವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತಾನೇ ಎರಡು ಕೊಡ ನೀರು ಹೊತ್ತು ತರುತ್ತಿದ್ದಳು. ಕೆಲಸದ ಹೊತ್ತಿಗೆ ಬಂದು ಊಟದ ಹೊತ್ತಿಗೆ ಹೋಗುವ ನೋವನ್ನು ಯಾರು ನಂಬುತ್ತಾರೆ? ಮೈಗಳ್ಳಿ ಎಂಬ ಹೆಸರು ಬಂತು. ಆಮೇಲೆ ಕಿವಿಯ ಸರದಿ. ಒಂದು ದಿನ ಎರಡೂ ಕಿವಿ ಕೆಂಪಗೆ ಊದಿ, ದಿಂಬಿಗೆ ತಾಗಿದರೂ ಜೀವ ಹೋಗುವಂತಾಯಿತು. ಬುಗುಡಿಯ ಚಿನ್ನ ಕೆಟ್ಟದ್ದು ಎಂದು ಬುಗುಡಿ ತೆಗೆಸಿದರು. ಊತ ಇಳಿಯಿತು, ಮತ್ತೆ ಬಂತು, ಮತ್ತೆ ಇಳಿಯಿತು. ಹೀಗೇ ಬಂದು ಹೋಗಿ ಎರಡು ವರ್ಷದಲ್ಲಿ ಕಿವಿ ಮುದುಡಿದವು, ಮೂಗಿನ ದಂಡ ಕುಸಿದು ನಡುವೆ ತಗ್ಗು ಬಿತ್ತು. ಸಂತೆಯ ದಿನ ಊರಿಗೆ ಬರುತ್ತಿದ್ದ ಒಬ್ಬ ವೈದ್ಯ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದಾಗ ಅವಳು ಚಹಾ ತಂದಳು. ಅವನು ಮುಖ ನೋಡಿದ, ಚಹಾ ಮುಟ್ಟಲಿಲ್ಲ. ಮರುದಿನವೇ ಅವಳ ತಟ್ಟೆ, ಲೋಟ ಬೇರೆಯಾದವು. ಎರಡು ವರ್ಷ ಕುಷ್ಠಕ್ಕೆಂದು ಕೊಟ್ಟ ಬಿಳಿ ಗುಳಿಗೆ ನುಂಗಿದಳು. ಒಂದು ತಿಂಗಳು ಇದ್ದು ಬಾ ಎಂದು ತವರೂರು ಮಣ್ಣೂರಿಗೆ ಕಳಿಸಿದ್ದರು. ಈಗ ಹದಿನಾಲ್ಕು ತಿಂಗಳಾಗಿತ್ತು. ಏಳು ವರ್ಷದ ಗುರಮ್ಮ ಜೇವರ್ಗಿಯಲ್ಲೇ ಉಳಿದಿದ್ದಳು.

"ಯಾರ ಹೇಳ್ಯಾರ ಅಂದ್ರ? ಸೊಲ್ಲಾಪುರದ ಡಾಕ್ಟರಬಾಯಿ ಹೇಳ್ಯಾಳ. ನನ್ನ ಕಿವಿ ಹಾಲಿ ಹಿಡದು ನೋಡಿದ್ಲು. ಹಾಲಿ ಮೆತ್ತಗ ಅದ, ಒಂದಿಷ್ಟೂ ಊದಿಲ್ಲ. ಆ ದೊಡ್ಡ ಬ್ಯಾನಿಯೊಳಗ ಹಾಲಿನೂ ದಪ್ಪ ಆಗ್ತದಂತ. ನಂದು ಮೆತ್ತನ ಎಲಬಿರೋ ಜಾಗಾದಷ್ಟ ಊದೇದ, ಹಾಲಿ ಬಿಟ್ಟು. ಮೈತುಂಬ ಸೂಜಿ ಚುಚ್ಚಿ ಕೇಳಿದ್ರು, ಎಲ್ಲಾ ಕಡಿ ಗೊತ್ತಾತು ನನಗ. ಕಿವ್ಯಾಗಿನ ಒಂದು ಚೂರು ಬಾಂಬೆಕ್ಕ ಕಳಿಸಿ ತಪಾಸ ಮಾಡಸ್ಯಾರ."

…

"ಹೆಸರೇನಂದ್ರ?... ಬರಕೋರಿ. ರಿಲ್ಯಾಪ್ಸಿಂಗ್... ರಿ-ಲ್ಯಾಪ್-ಸಿಂಗ್. ಪಾಲಿಕಾಂಡ್ರೈಟಿಸ್... ಸಿಂಗ್ ಅಂದ್ರ ಮನಷ್ಯಾ ಅಲ್ರಿ, ಜಡ್ಡಿನ ಹೆಸರ ಹಂಗ ಅದ... ಹೆಸರ ಬಿಡ್ರಿ. ಕಿವಿ, ಮೂಗು, ಗಂಟಲ, ಎಲ್ಲೆಲ್ಲಿ ಮೆತ್ತನ ಎಲಬು ಅದನೋ ಅಲ್ಲೆಲ್ಲಾ ನಮ್ಮ ಮೈನ ಅದನ್ನ ವೈರಿ ಅಂತ ತಿಳಕೊಂಡು ತಿಂತದಂತ. ಹೊರಗಿಂದು ಹುಳ ಇಲ್ಲ, ಕೀಟ ಇಲ್ಲ. ಬೆನ್ನಿಂದು ಬ್ಯಾರೆ ಜಡ್ಡು. ಬೆನ್ನಿನ ಮಣಿ ಒಂದಕ್ಕೊಂದು ಬೆಸಗಿ ಆಗೋದು. ನಾ ಮೈಗಳ್ಳತನ ಮಾಡತಿದ್ದೆ ಅಂತಿದ್ರಲ್ಲ, ಅದು. ಎರಡೂ ಕೂಡಿ ಒಬ್ಬರಿಗೆ ಬರೂದು ಭಾಳ ಅಪರೂಪಂತ. ಡಾಕ್ಟರಬಾಯಿ ಇಪ್ಪತ್ತು ವರ್ಷದಾಗ ಇದ ಮೊದಲು ನೋಡಿದ್ದಂತ."

…

"ಮೊದಲ ನೋಡ್ಯಾಳಂದ್ರ ಗೊತ್ತಿಲ್ಲ ಅಂತ ಅಲ್ರಿ. ಪುಸ್ತಕ ತಗದು ನನಗ ಚಿತ್ರಾ ತೋರಿಸ್ಯಾಳ. ನನ್ನಂಥಾದ ಮೂಗು, ನನ್ನಂಥಾವ ಕಿವಿ."

…

"ಅಂಟೂದಿಲ್ಲ. ಬರದ ಕೊಟ್ಟಾಳ... ಪೂರಾ ಆರಾಮ ಆಗೂದಿಲ್ಲ, ಹೌದು. ಸುಳ್ಳ ಯಾಕ ಹೇಳ್ಲಿ? ಗುಳಗಿ ತಗೋತ ಇರಬೇಕು. ಈ ಗುಳಗಿ ಶುರು ಮಾಡಿದ ಮ್ಯಾಲ ಕಿವಿ ಊತ ಅರ್ಧ ಇಳದದ. ಮೊದಲ ಕೊಟ್ಟಿದ್ರ ಗಂಟಲದ ತನಕ ಬರತಿದ್ದಿಲ್ಲ ಅಂತ. ಎರಡು ವರ್ಷ ಸುಳ್ಳ ಗುಳಗಿ ನುಂಗೇನಿ. ನೀವ ನಿಂತು ನುಂಗಿಸೀರಿ... ತಪ್ಪ ಹಿಡ್ಯಾಕತ್ತಿಲ್ಲ. ಆದದ್ದು ಹೇಳಾಕತ್ತೇನಿ."

…

"ಹಾಂ? ಯಾರ್ರಿ?... ಆಪರೇಟರ್ ಏನ್ರಿ? ಮೂರು ಮಿನಿಟ್ ಆತಾ? ಮುಂದುವರಸ್ರಿ ಬಾಯಾರ. ದವಾಖಾನಿ ಮಾತದ, ಕಟ್ ಮಾಡಬ್ಯಾಡ್ರಿ... ಅಣ್ಣ ಅಲ್ರಿ, ಹೆಣ್ಣಮಗಳ ಅದೀನಿ ನಾ."

ದತ್ತಪ್ಪ ಮೊಹರು ಒತ್ತುವುದನ್ನು ನಿಲ್ಲಿಸಿ ಇತ್ತ ಕಡೆ ಕಿವಿಗೊಟ್ಟಿದ್ದ. ಟಪಾಲು ಕೊಡಲು ಬಂದ ಇಬ್ಬರು ಕಿಟಕಿಯ ಹೊರಗೆ ನಿಂತು, ಒಳಗೆ ಬರಬೇಕೋ ಬೇಡವೋ ಎಂದು ನೋಡುತ್ತಿದ್ದರು. ಶಿವಕಾಂತಾಗೆ ಪ್ರತಿ ಮಾತಿನ ಕೊನೆಯಲ್ಲಿ ಉಸಿರು ಸಿಳ್ಳೆಯಂತೆ ಎಳೆಯುತ್ತಿತ್ತು. ಆ ಸದ್ದು ತಂತಿಯಲ್ಲಿ ಜೇವರ್ಗಿಯವರೆಗೆ ಹೋಗುತ್ತದೆಯೋ ಇಲ್ಲವೋ ಎಂದುಕೊಂಡಳು. ಹೋದರೆ ಒಳ್ಳೆಯದು, ಅವರೂ ಕೇಳಲಿ ಎಂದೂ ಅನಿಸಿತು.

"ಅದೀರಿಲ್ರಿ?... ಹಾಂ. ಗಂಡನ ಸಹಿ ಯಾಕಂತ ಕೇಳಿದ್ರಲ್ಲ. ಆಪರೇಶನ್ ಭಾಳ ನಾಜೂಕದ. ಬ್ಯಾರೇದವರಿಗೆ ಮೂರ್ಛಿ ಬರಿಸಿ, ಕತ್ತು ಹಿಂದ ಬಗ್ಗಿಸಿ, ಬಾಯಾಗಿಂದ ಉಸಿರಿನ ನಳಗಿ ಇಳಸ್ತಾರಂತ. ನನ್ನ ಕತ್ತು ಬಾಗಂಗಿಲ್ಲ. ಜುಲುಮಿಲೆ ಬಗ್ಗಿಸಿದ್ರ ಮುರೀತದ. ಗಂಟಲದೊಳಗ ಜಾಗಾನೂ ಇಲ್ಲ. ಅದಕ ಎಚ್ಚರದಾಗ, ಕುಂಡ್ರಿಸಿ ಮಾಡ್ತಾರ. ಹೆಚ್ಚು ಕಮ್ಮಿ ಆದ್ರ ನಾಳಿ ಯಾರೂ ಜಗಳಕ್ಕ ಬರಬಾರದು ಅಂತ ಅಲ್ಲಿ ಗುಮಾಸ್ತ ಗಂಡನ ಸಹಿ ಬೇಕ ಬೇಕಂತಾನ."

…

"ಕೇಳಸ್ತದಿಲ್ರಿ?"

…

"ಬರ್ತೀರಿ? ಖರೇನ ಬರ್ತೀರಿ?... ಹಾಂ... ಹಾಂ. ಆದ್ರ ಏನು?"

…

"ಯಾವ ಕಾಗದ?... ನನ್ನ ಸಹಿ ಯಾಕ ಬೇಕು?... ಕೈಯಾಗ ಅದ ಅಂದ್ರ ಓದ್ರಿ. ಪೂರಾ ಓದ್ರಿ... 'ನಾನು ರೋಗಿಷ್ಠಳಿದ್ದು'... ಹಾಂ... 'ನನ್ನ ಸ್ವಂತ ಖುಷಿಯಿಂದ'... ಮುಂದ?... 'ಗಂಡನು ಎರಡನೇ ಲಗ್ನ ಮಾಡಿಕೊಳ್ಳಲು ನನ್ನ ತಕರಾರು ಇರುವುದಿಲ್ಲ.'"

ಮನೆಗೆ ಬಂದಿದ್ದ ಭೂಸನೂರಿನ ಬೀಗರು ಯಾರೆಂಬುದು ಈಗ ತಿಳಿಯಿತು. ಮಲ್ಕಪ್ಪ ಹೇಳಿದಾಗಲೇ ಸಂಶಯ ಬಂದಿತ್ತು; ಅವಳೇ ಅದನ್ನು ಅದುಮಿಟ್ಟಿದ್ದಳು. ಬೆಳಿಗ್ಗೆ ಮಣ್ಣೂರಿನಿಂದ ಬರುವಾಗ ಬಸ್ಸಿನಲ್ಲಿ ನಾಗಣ್ಣ, ಅವನಿಗ್ಯಾಕ ಕೇಳ್ತಿ, ಅವ ಬರೂದಿಲ್ಲ ಎಂದಿದ್ದ. ಬರ್ತಾರ, ಸಾಯೂ ಮಾತಂದ್ರ ಬರ್ತಾರ ಎಂದು ಅವನ ಜೊತೆ ವಾದಿಸಿದ್ದಳು. ಅಣ್ಣನ ಮುಂದೆ ಗಂಡನನ್ನು ಬಿಟ್ಟುಕೊಡದೆ ಆಡಿದ ಆ ಮಾತು ನೆನೆದು ಮೈಯೆಲ್ಲ ಉರಿಯಿತು.

"ನಾ ತಪ್ಪ ತಿಳಕೋಬಾರದು, ಅದಕ ಕೇಳ್ತೇನಿ. ನೀವು ನನ್ನ ಫಾರ್ಮಿಗೆ ಸಹಿ ಮಾಡಬೇಕಂದ್ರ ನಾ ನಿಮ್ಮ ಕಾಗದಕ್ಕ ಸಹಿ ಮಾಡಬೇಕು. ಹಿಂಗ ಹೌದಲ್ರಿ?... ಬಾಯಿಬಿಟ್ಟು ಹಾಂ ಅನ್ರಿ. ಅಲ್ಲಿ ತಲಿ ಅಳ್ಳಾಡಿಸಿದ್ರ ನನಗಿಲ್ಲಿ ಕಾಣಂಗಿಲ್ಲ."

…

"ಹುಡುಗಿಗೆ ಎಷ್ಟ ವಯಸ್ಸು?... ಹತ್ತೊಂಬತ್ತು. ಆಕೀ ಮನಿಯವರಿಗೆ ಏನ ಹೇಳೀರಿ? ಮೊದಲನ್ಯಾಕಿಗೆ ಏನಾಗ್ಯಾದಂತ?"

…

"ಹೌದಾ. ಅದನ್ನ ಹೇಳೀರಿ. ಅಂದ್ರ ನನಗ ಆ ದೊಡ್ಡ ಬ್ಯಾನೀನ ಇರಬೇಕು ನಿಮಗ. ಅದಿದ್ರ ಮಂದಿ ಅಯ್ಯೋ ಪಾಪ ಅಂತಾರ, ಹೆಣ್ಣ ಕೊಡ್ತಾರ. ಬ್ಯಾರೆ ಜಡ್ಡು ಅಂದ್ರ, ಅಂಟೂದಲ್ಲ ಅಂದ್ರ, ಹೆಂಡತೀನ ಯಾಕ ಬಿಟ್ಟಿ ಅಂತ ಕೇಳ್ತಾರ. ಅದಕ ನೀವು ಕಾಗದ ಓದಿಲ್ಲ."

…

"ದನಿ ಏರಿಸಬ್ಯಾಡ್ರಿ. ನನಗ ಏರಸಾಕ ಆಗಂಗಿಲ್ಲ, ಒಬ್ಬರ ಏರಿಸಿದ್ರ ಚೆಂದ ಇರಂಗಿಲ್ಲ."

ಕೆಮ್ಮು ಬಂತು. ಕೆಮ್ಮಿದಾಗ ಗಂಟಲು ಪೂರ್ತಿ ಮುಚ್ಚಿ, ಒಂದು ಗಳಿಗೆ ಗಾಳಿ ಒಳಗೂ ಇಲ್ಲ, ಹೊರಗೂ ಇಲ್ಲ. ಕಣ್ಣು ಕತ್ತಲೆಯಾಗಿ ಕಟ್ಟೆ ಹಿಡಿದಳು. ದತ್ತಪ್ಪ ಎದ್ದು ಬಂದ. ಸ್ಟೂಲು ಎಳೆದು ಕೊಟ್ಟ. ಅವಳು ಬೇಡವೆಂದು ಕೈ ಮಾಡಿದಳು. ಉಸಿರು ಮತ್ತೆ ಸಿಳ್ಳೆ ಹೊಡೆಯುತ್ತ ಒಳಗೆ ಹೋದಾಗ, ಆ ಕಡೆ ಶಾಂತಲಿಂಗಪ್ಪ ಇನ್ನೂ ಮಾತಾಡುತ್ತಲೇ ಇದ್ದ. ಅವಳು ಕೇಳುತ್ತಿರಲಿಲ್ಲ. ಚೀಲದಿಂದ ಆಸ್ಪತ್ರೆಯ ಫಾರ್ಮು ತೆಗೆದಳು.

"ದತ್ತಪ್ಪನವರ, ಜರಾ ಪೆನ್ನು ಕೊಡ್ರಿ."

ತಲೆ ಬಗ್ಗಿಸಿ ಬರೆಯುವುದು ಅವಳಿಗೆ ಆಗುತ್ತಿರಲಿಲ್ಲ. ಫಾರ್ಮನ್ನು ಗೋಡೆಗೆ, ಕಣ್ಣಿನ ಎತ್ತರಕ್ಕೆ ಹಿಡಿದಳು. ಕಾಗದ ಜಾರುತ್ತಿತ್ತು. ದತ್ತಪ್ಪ ಒಂದು ಕ್ಷಣ ಹಿಂದೆ ಮುಂದೆ ನೋಡಿ, ಮುಂದೆ ಬಂದು ಅದರ ಎರಡು ಮೂಲೆಗಳನ್ನು ಬೆರಳಿನಿಂದ ಒತ್ತಿ ಹಿಡಿದ. ಅವನ ಹೆಬ್ಬೆರಳು ಅವಳ ಕೈಗೆ ತಾಗಿತು. ಅವನು ಹಿಂದೆಗೆಯಲಿಲ್ಲ. ರಿಸೀವರನ್ನು ಎಡಗೈಯಿಂದ ಉರಿಯುವ ಕಿವಿಗೆ ಒತ್ತಿಕೊಂಡು ಅವಳು ಬರೆದಳು.

"ಏನ ಸಪ್ಪಳ ಅಂದ್ರಿ? ಪೆನ್ನಿಂದು. ಸಹಿ ಮಾಡಾಕತ್ತೇನಿ... ನಿಮ್ಮದಕ್ಕಲ್ಲ. ನನ್ನದಕ್ಕ. 'ಜವಾಬ್ದಾರಿ ವಹಿಸುವವರು' ಅಂತ ಅದ ಇಲ್ಲಿ. ಶಿವಕಾಂತಾ. 'ರೋಗಿಗೆ ಏನಾಗಬೇಕು' ಅಂತ ಅದ. 'ನಾನೇ' ಅಂತ ಬರದೇನಿ."

…

"ನಡೀತದ್ರಿ. ಡಾಕ್ಟರಬಾಯಿ ಮೊನ್ನೇನ ಹೇಳಿದ್ಲು, ಗುಮಾಸ್ತನ ಮಾತ ಕೇಳಬ್ಯಾಡ, ಮೂವತ್ತೊಂದು ವರ್ಷದ ಹೆಣ್ಣಮಗಳು, ನಿನ್ನ ಸಹಿ ಸಾಕು ಅಂತ. ನಾನ ಕೇಳಲಿಲ್ಲ. ಒಮ್ಮಿ ಅವರಿಗೆ ಕೇಳ್ತೇನಿ ಅಂದೆ. ಕೇಳ್ದೆ, ಆತು."

…

"ನಿಮ್ಮ ಕಾಗದಕ್ಕ ನಾ ಸಹಿ ಮಾಡಂಗಿಲ್ಲ. ಸೋಮವಾರ ಬದಕಿದ್ರ ಮಾಡಂಗಿಲ್ಲ, ಸತ್ತರ ನಿಮಗದು ಬೇಕಾಗಂಗಿಲ್ಲ."

ಹಾಗಂದ ಮೇಲೆ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೇಳಬೇಕಾದದ್ದು ಇನ್ನೂ ಉಳಿದಿತ್ತು, ಗಡಿಯಾರ ಮೂರರ ಹತ್ತಿರ ಹೋಗುತ್ತಿತ್ತು.

"ಗುರಮ್ಮನ್ನ ಕರೀರಿ... ಇವತ್ತ ಶನಿವಾರ, ಸಾಲಿ ಮಧ್ಯಾನಾನ ಬಿಟ್ಟಿರ್ತದ. ಮನ್ಯಾಗ ಅದಾಳ. ಕರೀರಿ... ಯಾಕ ಬ್ಯಾಡ?... ಆಕೀಗೆ ಏನ ಹೇಳೀರಿ ನನ್ನ ಬಗ್ಗೆ? ಏನ ಹೇಳೀರಿ?... ಹಲೋ... ಹಲೋ?"

…

"ಯಾರು, ಅತ್ತಿ ಏನ್ರಿ? ಶರಣ್ರಿ ಅತ್ತಿ. ನಾ ಶಿವಕಾಂತಾ... ಹಾಂ, ದನಿ ಹಿಂಗಾಗ್ಯಾದ."

…

"ಹೋಗೇನ್ರಿ. ಐದು ಅಮಾಸಿ ಘತ್ತರಗಿಗಿ ಹೋಗೇನಿ. ಹೊಳ್ಯಾಗ ಮುಳಗೇನಿ, ಭಾಗ್ಯವಂತಿಗೆ ಉಡಿ ತುಂಬೇನಿ. ನಡ್ಯಾಕ ಬಾರದಾಗ ನಾಗಣ್ಣ ಬಂಡ್ಯಾಗ ಹಾಕ್ಕೊಂಡ ಹೋಗ್ಯಾನ... ದೇವಿ ತಪ್ಪಿಲ್ಲ ಅತ್ತಿ. ತಪ್ಪು ಗುಳಗೀದು."

…

"ಸಿಟ್ಟಿಲ್ಲ ಅನ್ನೂದಿಲ್ಲ. ಅದ. ಮುಂಜಾನಿ ನಾ ಏಳಾಕ ಆಗದಾಗ ನೀವು ಬಾಗಲದಾಗ ನಿಂತು ಅಂದದ್ದು ಒಂದೊಂದೂ ನೆನಪದ. ಅದನ್ನ ಆಡಾಕ ಫೋನ ಮಾಡಿಲ್ಲ. ಗುರಮ್ಮನ್ನ ಒಂದೀಟು ಕರೀರಿ."

…

"ಫೋನಿನ್ಯಾಗ ಅಂಟತದೇನ್ರಿ ಜಡ್ಡು? ಜೇವರ್ಗಿ ಎಲ್ಲಿ, ಅಫಜಲಪುರ ಎಲ್ಲಿ?"

…

"ಅತ್ತಿ, ಸೋಮವಾರ ನಳಗಿ ಇಟ್ಟ ಮ್ಯಾಲ ಮಾತು ಹೊರಡಂಗಿಲ್ಲ. ಗಾಳಿ ಕೊಳ್ಳಾಗಿಂದನ ಹೋಗಿಬಿಡ್ತದ, ಬಾಯಿ ತನಕ ಬರಂಗಿಲ್ಲ. ಎಷ್ಟ ದಿನ ಅಂತ ಯಾರೂ ಹೇಳವಲ್ರು. ಮುಂದ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಈ ಗೊಗ್ಗರ ದನಿಯಾದ್ರೂ ಇವತ್ತಿನ ತನಕ ಅದ. ಅದಕ ಕೇಳಾಕತ್ತೇನಿ."

ಆ ಕಡೆ ಬಳೆಗಳ ಸದ್ದು. ಶಾಂತಲಿಂಗಪ್ಪನ ದನಿ ಏರಿತು, ಅದರ ಮೇಲೆ ಸುಭದ್ರಾಬಾಯಿಯ ದನಿ ಇನ್ನೂ ಏರಿತು. ಏನು ಮಾತೋ ತಿಳಿಯಲಿಲ್ಲ. ಆ ಮನೆಯಲ್ಲಿ ಅತ್ತೆ ಮಗನ ಮೇಲೆ ಕೂಗಿದ್ದನ್ನು ಶಿವಕಾಂತಾ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಹಾಂ, ಬಾಯಾರ... ಆರು ಮಿನಿಟ್ ಯಾವಾಗೋ ಆದುವಾ? ಇನ್ನೊಂದ ಸ್ವಲ್ಪ... ಗೊತ್ತದ್ರಿ, ಮಂದಿ ಕಾಯಾಕತ್ತಾರ. ನಾ ಮುಂಜಾನಿಂದ ಕಾದೇನಿ. ನನ್ನ ಮಗಳು ಬರಾಕತ್ತಾಳ, ಒಂದ ಮಿನಿಟ್ ಕೊಡ್ರಿ."

…

"ಗುರಮ್ಮ?... ಗುರಮ್ಮ, ನಾ ಅವ್ವ ಬೇ."

…

"ಹೌದು, ಗಂಡಸರ ಹಂಗ ಅದ. ನನಗೂ ಹಂಗ ಕೇಳಸ್ತದ. ಅಂಜಬ್ಯಾಡ."

…

"ಮೂಗು ಬಿದ್ದಿಲ್ಲ. ಯಾರ ಹೇಳಿದ್ರು? ಅಲ್ಲೇ ಅದ, ಜರಾ ಕುಂತದ ಅಷ್ಟ."

…

"ನೂಸ್ತದ. ಬೆನ್ನು ಮುಂಜಾನಿ ನೂಸ್ತದ, ಕಿವಿ ಒಮ್ಮೊಮ್ಮಿ... ಇಲ್ಲ, ಈಗ ಅಳಾಕತ್ತಿಲ್ಲ. ಉಸಿರು ಹಂಗ ಸಪ್ಪಳ ಮಾಡ್ತದ."

…

"ಅವ್ವ ಅಲ್ಲ ಅಂತೀ?"

ಶಿವಕಾಂತಾ ಕಣ್ಣು ಮುಚ್ಚಿದಳು. ನಾನೇ ಎಂದು ತೋರಿಸಲು ಹೇಳಬಹುದಾದದ್ದು ಎಷ್ಟೋ ಇತ್ತು. ಇಬ್ಬರಿಗೇ ಗೊತ್ತಿದ್ದ ಮಾತುಗಳಿದ್ದವು. ಆದರೆ ಮಲ್ಕಪ್ಪನಿಗೆ ಒಮ್ಮೆ, ಗಂಡನಿಗೆ ಒಮ್ಮೆ, ಆಪರೇಟರಿಗೆ ಒಮ್ಮೆ ಹೇಳಿ ಹೇಳಿ ಸಾಕಾಗಿತ್ತು. ಏಳು ವರ್ಷದ ಕೂಸನ್ನು ವಾದದಲ್ಲಿ ಗೆಲ್ಲಲು ಅವಳಿಗೆ ಮನಸ್ಸಾಗಲಿಲ್ಲ.

"ಆತು. ಅವ್ವ ಅಲ್ಲ ಅಂತನ ತಿಳಕೊ. ಯಾರೋ ಒಬ್ಬರು ಅಂತ ತಿಳಕೊಂಡು ಕೇಳು, ಆಗಬಹುದಾ?... ಹಾಂ. ಶಾಣ್ಯಾಕಿ. ಸೋಮವಾರದಿಂದ ನಾ ಮಾತಾಡಂಗಿಲ್ಲ. ಸಿಟ್ಟಿಗಲ್ಲ. ಡಾಕ್ಟರು ಕೊಳ್ಳಾಗ ನಳಗಿ ಇಡ್ತಾರ, ಮಾತು ಹೊರಡಂಗಿಲ್ಲ. ಸಾಲಿ ಬಿಟ್ಟ ಮ್ಯಾಲ ನೀ ಅಂಗಡ್ಯಾಗ ಕುಂಡ್ರತೀ ಹೌದಲ್ಲ?... ಎಷ್ಟಕ್ಕ ಬರ್ತಿ?... ನಾಕೂವರಿಗೆ. ಹಾಂ. ಆವಾಗ ಫೋನ ಬಂದ್ರ ನೀನ ಎತ್ತು. ಮಲ್ಕಪ್ಪಗ ಬಿಡಬ್ಯಾಡ. ಹಲೋ ಅನ್ನು. ಅಂದ ಮ್ಯಾಲ ಈ ಕಡಿಂದ ಯಾರೂ ಮಾತಾಡದಿದ್ರ..."

…

"ಗುರಮ್ಮ?... ಯಾರೂ ಮಾತಾಡದಿದ್ರ, ಕೇಳಸ್ತೇನು?... ಹಲೋ... ಬಾಯಾರ, ಕಟ್ ಮಾಡಬ್ಯಾಡ್ರಿ, ಒಂದ ಮಾತು ಉಳದದ... ಹಲೋ... ಹಲೋ..."

ತಂತಿಯಲ್ಲಿ ಗೊರಗೊರ ಸದ್ದು ಬಿಟ್ಟು ಏನೂ ಉಳಿದಿರಲಿಲ್ಲ. ದತ್ತಪ್ಪ ಫೋನಿನ ಗುಂಡಿ ನಾಲ್ಕು ಬಾರಿ ತಟ್ಟಿ ನೋಡಿದ. ಮತ್ತೆ ಬುಕ್ ಮಾಡಿದರೆ ಕತ್ತಲಾಗುತ್ತದೆ ಎಂದ. ಹೊರಗೆ ನಾಗಣ್ಣ ಓಡಿ ಬರುತ್ತಿದ್ದ, ಬಸ್ಸು ನಿಂತಿತ್ತು. ಹೇಳಿದ್ದರಲ್ಲಿ ಎಷ್ಟು ಮಗಳ ಕಿವಿಗೆ ಬಿತ್ತೋ, ಯಾವ ಮಾತಿಗೆ ಕಟ್ಟಾಯಿತೋ, ಸೊಲ್ಲಾಪುರ ಬರುವವರೆಗೂ ಅವಳು ಲೆಕ್ಕ ಹಾಕುತ್ತಲೇ ಇದ್ದಳು. ಬಗೆಹರಿಯಲಿಲ್ಲ.

ಸೋಮವಾರ ಅವಳನ್ನು ಕುರ್ಚಿಯಲ್ಲಿ ಕೂಡಿಸಿ, ಕತ್ತಿಗೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟು ಆಪರೇಶನ್ ಮಾಡಿದರು. ನಡುವೆ ಒಮ್ಮೆ ಉಸಿರು ನಿಂತೇ ಹೋಗಿತ್ತೆಂದು ಆಮೇಲೆ ನಾಗಣ್ಣನಿಗೆ ಹೇಳಿದರು. ಅವಳು ಬದುಕಿದಳು. ಜೇವರ್ಗಿಯಿಂದ ಯಾರೂ ಬರಲಿಲ್ಲ. ತಂಗಿ ಎದ್ದು ಓಡಾಡತೊಡಗಿದ ಮೇಲೆ ನಾಗಣ್ಣ ಡಾಕ್ಟರಬಾಯಿ ಬರೆದುಕೊಟ್ಟ ಪತ್ರದ ನಕಲು ಹಿಡಿದು ಭೂಸನೂರಿಗೆ ಹೋಗಿ, ಹತ್ತೊಂಬತ್ತರ ಆ ಹುಡುಗಿಯ ತಂದೆಯ ಕೈಯಲ್ಲಿ ಕೊಟ್ಟು ಬಂದ. ಅವರು ಹೆಣ್ಣು ಕೊಡಲಿಲ್ಲ. ಅದರಿಂದ ಶಿವಕಾಂತಾಗೆ ಜೇವರ್ಗಿಯ ಬಾಗಿಲೇನೂ ತೆರೆಯಲಿಲ್ಲ.

ಹದಿನಾರನೆಯ ದಿನ ಆಸ್ಪತ್ರೆಯ ಕಚೇರಿಯ ಫೋನಿನಿಂದ ನಾಗಣ್ಣ ಜೇವರ್ಗಿಗೆ ಬುಕ್ ಮಾಡಿದ. ಅವನ ದನಿ ಕೇಳಿದ ಕೂಡಲೇ ಆ ಕಡೆ ಇಟ್ಟುಬಿಟ್ಟರು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಕಾಲ್ ಸಿಕ್ಕಾಗ ನಾಲ್ಕೂವರೆ ದಾಟಿತ್ತು. ಅಣ್ಣ ಬಾಯಿ ತೆರೆಯುವ ಮೊದಲೇ ಶಿವಕಾಂತಾ ಅವನ ಕೈಯಿಂದ ರಿಸೀವರು ಕಸಿದು ಕಿವಿಗೆ ಹಿಡಿದಳು.

…

ಒಂದು ಹಲೋ ಬಂತು. ಸಣ್ಣ ದನಿ. ಶಿವಕಾಂತಾಳ ಬಾಯಿ ತಾನಾಗಿ ತೆರೆಯಿತು, ಮಾತು ಹೊರಡಲಿಲ್ಲ. ಕೊರಳಿನ ನಳಿಗೆಯಲ್ಲಿ ಗಾಳಿ ಹೋಗಿ ಬರುವ ಸದ್ದಷ್ಟೇ ಇತ್ತು.

…

ಎರಡನೆಯ ಹಲೋ ಬರಲಿಲ್ಲ. ಆ ಕಡೆ ಫೋನೂ ಇಡಲಿಲ್ಲ. ಅಂಗಡಿಯ ತಕ್ಕಡಿಯ ಸದ್ದು, ಯಾರೋ ಚೀಲ ಎಳೆದ ಸದ್ದು ಕೇಳುತ್ತಿತ್ತು.

…

ಆಮೇಲೆ ಗುರಮ್ಮ, ಯಾರು ಎಂದು ಕೇಳದೆ, ತಗ್ಗಿದ ದನಿಯಲ್ಲಿ ಸಾಲಿಯ ಸುದ್ದಿ ಹೇಳತೊಡಗಿದಳು. ಪರೀಕ್ಷೆ ಬಂದದ್ದು, ಹೊಸ ಪಾಟಿ ಒಡೆದದ್ದು, ಅಜ್ಜಿ ಬೈಯದೇ ಇನ್ನೊಂದು ಕೊಡಿಸಿದ್ದು. ಶಿವಕಾಂತಾ ಗೋಡೆಗೊರಗಿ ಕೇಳುತ್ತ ನಿಂತಳು. ಲೆಕ್ಕದ ಮಾಸ್ತರು ನಿನ್ನೆ ತರಗತಿಯಲ್ಲಿ ಏನೋ ಅಂದರಂತೆ. ಏನಂದರು ಎಂಬುದು ಬರುವಷ್ಟರಲ್ಲಿ ಲೈನ್ ಕಟ್ಟಾಯಿತು.